ಹತ್ತಿಯ ಬೇರು ಕೊಳೆಗೆ ಔಷಧಿಯೋ, ಟ್ರೈಕೋಡರ್ಮಾ ಗೊಬ್ಬರವೋ: ಎರಡು ಹಂಗಾಮು ಮಾಡಿ ನೋಡಿದ್ದು

ಹತ್ತಿ ಮೊಣಕಾಲೆತ್ತರ ಬಂದಿತ್ತು. ನಿನ್ನೆ ಹಸಿರಾಗಿದ್ದ ಗಿಡ ಇವತ್ತು ಮಧ್ಯಾಹ್ನಕ್ಕೆ ಜೋತುಬೀಳತೊಡಗಿತು. ನೀರು ಸಾಲದೆ ಹೀಗಾಗಿದೆ ಅಂದುಕೊಂಡೆ. ದೊಡ್ಡಪ್ಪ ಬಂದು, ‘ತಮ್ಮಾ, ಮೊದಲ ಒಂದ್ ಗಿಡ ಕಿತ್ತ್ ನೋಡು’ ಅಂದರು. ಒಂದೇ ಕೈಯಲ್ಲಿ ಎಳೆದರೆ ಸಲೀಸಾಗಿ ಬಂತು. ಪಕ್ಕದ ಬೇರೆಲ್ಲ ಕೊಳೆತು ಮಣ್ಣಲ್ಲೇ ಉಳಿದಿದ್ದವು. ತಾಯಿಬೇರಿನ ಸಿಪ್ಪೆ ನಾರುನಾರಾಗಿ ಸುಲಿದು ಬೆರಳಿಗೆ ಅಂಟಿತು. ಅದರ ಒಳಮೈಗೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆ.

ಆ ಚುಕ್ಕೆಗಳೇ ಮ್ಯಾಕ್ರೊಫೋಮಿನಾ ಎಂಬ ಶಿಲೀಂಧ್ರದ ಗಂಟುಗಳು. ಬೆಳೆ ಇಲ್ಲದಿದ್ದರೂ ಮಣ್ಣಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಕಡಲೆಯ ಒಣ ಬೇರು ಕೊಳೆಗೂ ಜೋಳದ ಇದ್ದಿಲು ಕೊಳೆಗೂ ಇದೇ ಕಾರಣ. ಆದ್ದರಿಂದ ಹತ್ತಿ ಬಿಟ್ಟು ಕಡಲೆ ಬಿತ್ತಿದರೆ ರೋಗ ಹೋಗುತ್ತದೆ ಅನ್ನುವ ಲೆಕ್ಕ ತಪ್ಪು.

ಮೊದಲ ಹಂಗಾಮಿಗೆ ಕಾರ್ಬೆಂಡಾಜಿಮ್ ಎಂಬ ಶಿಲೀಂಧ್ರನಾಶಕ ಔಷಧಿ. ಲೀಟರ್ ನೀರಿಗೆ 1 ಗ್ರಾಂ ಕಲಸಿ, ಬಾಡಿದ ಗಿಡಕ್ಕೂ ಸುತ್ತಲಿನ ಹಸಿರು ಗಿಡಕ್ಕೂ ಬುಡಕ್ಕೆ ಸುರಿದೆವು. ಬಾಡಿದ್ದು ಒಂದೂ ಉಳಿಯಲಿಲ್ಲ. ಸುತ್ತಲಿನವು ಹೆಚ್ಚುಪಾಲು ನಿಂತವು, ಆ ಜಾಗದಲ್ಲಿ ರೋಗ ಹರಡುವುದು ನಿಂತಿತು. ಆದರೆ ಮೂರು ವಾರದಲ್ಲಿ ಬೇರೆ ಕಡೆ ಹೊಸದಾಗಿ ಬಾಡತೊಡಗಿತು. ಕೊಡ ಹೊತ್ತು ಗಿಡಗಿಡಕ್ಕೂ ಸುರಿಯುವ ಆಳಿನ ಖರ್ಚೇ ಔಷಧಿಗಿಂತ ಹೆಚ್ಚಾಯಿತು.

ಮರುವರ್ಷ ಟ್ರೈಕೋಡರ್ಮಾ, ಅಂದರೆ ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ. 1 ಕೆಜಿ ಪುಡಿಯನ್ನು 100 ಕೆಜಿ ಕಳಿತ ತಿಪ್ಪೆಗೊಬ್ಬರಕ್ಕೆ ಬೆರೆಸಿ, ಬೇವಿನ ನೆರಳಲ್ಲಿ ಗುಡ್ಡೆ ಹಾಕಿ, ಹಸಿ ಗೋಣಿತಾಟು ಮುಚ್ಚಿದೆ. ಹದಿನೈದು ದಿನಕ್ಕೆ ತಾಟು ಎತ್ತಿದರೆ ಗೊಬ್ಬರದ ಮೇಲೆ ಪಾಚಿಯಂಥ ಹಸಿರು ಬೂಷ್ಟು. ಅದು ಕಂಡರೆ ಟ್ರೈಕೋಡರ್ಮಾ ಬೆಳೆದಿದೆ ಅಂತ ಅರ್ಥ. ಬಿತ್ತುವ ಮುಂಚೆ ಸಾಲಿಗೆ ಹಾಕಿದೆ.

ಎರೆ (ಕಪ್ಪು) ಮಣ್ಣಲ್ಲಿ ಇದು ಚೆನ್ನಾಗಿ ಹಿಡಿಯಿತು, ಬಾಡಿದ ಗಿಡ ಬೆರಳೆಣಿಕೆಯಷ್ಟೇ. ಅದೇ ಹೊಲದ ಗರಸು (ಕಲ್ಲು ಬೆರೆತ) ಮಣ್ಣಿನ ಮೂಲೆಯಲ್ಲಿ ಕೈಕೊಟ್ಟಿತು. ಅಲ್ಲಿ ಹಸಿ ನಿಲ್ಲುವುದಿಲ್ಲ. ರೋಗದ ಶಿಲೀಂಧ್ರಕ್ಕೆ ಬೇಕಾಗಿರುವುದು ಬಿಸಿ ಮತ್ತು ಒಣ ಮಣ್ಣು, ಟ್ರೈಕೋಡರ್ಮಾಕ್ಕೆ ಬೇಕಾದದ್ದು ಹಸಿ. ಒಂದೇ ಬೇಲಿಯೊಳಗೆ ರೋಗದ ಬಿರುಸು ಇಷ್ಟು ಬೇರೆಯಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಆ ಮೂಲೆಯಲ್ಲಿ ಗಾಬರಿಯಾಗಿ ಗೊಬ್ಬರ ಹಾಕಿದ ಸಾಲಿಗೇ ಕಾರ್ಬೆಂಡಾಜಿಮ್ ಸುರಿದೆ. ಅದು ನನ್ನ ದೊಡ್ಡ ತಪ್ಪು. ಕಾರ್ಬೆಂಡಾಜಿಮ್ ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ. ಎರಡನ್ನೂ ಒಂದೇ ಸಾಲಿಗೆ ಹಾಕಬೇಡಿ.

ನನ್ನ ಮಟ್ಟಿಗೆ ಎರೆಗೆ ಟ್ರೈಕೋಡರ್ಮಾ ಗೊಬ್ಬರವೇ ಮೇಲು. ಔಷಧಿಯನ್ನು ರೋಗ ಕಂಡ ಜಾಗಕ್ಕೆ, ಅದೂ ಹಸಿರಿರುವ ಗಿಡ ಉಳಿಸಲು ಮಾತ್ರ ಬಳಸುತ್ತೇನೆ. ಯಾವುದನ್ನು ಹಾಕುವ ಮೊದಲೂ ಗಿಡ ಕಿತ್ತು ನೋಡಿ. ಬರದ ನಂತರ ಜೋರು ಮಳೆ ಬಿದ್ದಾಗಲೂ ಹತ್ತಿ ದಿಢೀರನೆ ಬಾಡುವುದುಂಟು. ಬೇರು ಗಟ್ಟಿಯಾಗಿ, ಸಿಪ್ಪೆ ಸುಲಿಯದೆ ಇದ್ದರೆ ಅದು ಬೇರು ಕೊಳೆಯಲ್ಲ, ಇವೆರಡೂ ಅದಕ್ಕೆ ಮದ್ದಲ್ಲ.

ಈ ಸಲ ಗರಸಿನ ಮೂಲೆಗೆ ತಿಪ್ಪೆಗೊಬ್ಬರ ಎರಡು ಪಟ್ಟು ಹಾಕಿಸುತ್ತಿದ್ದೇನೆ, ಹಸಿ ಹಿಡಿದುಕೊಳ್ಳಲಿ ಅಂತ.