ಪೇಸ್ಟ್ ಸಾಕೋ, ಜಾಯಿನ್ ಬೇಕೋ?

ಮಡಿಕೇರಿಯ ಮಳೆ ಲೆಕ್ಕ ಒಂದು ಫೈಲಿನಲ್ಲಿ, ಭಾಗಮಂಡಲದ್ದು ಇನ್ನೊಂದರಲ್ಲಿ. ಅಕ್ಕಪಕ್ಕ ಇಟ್ಟು ನೋಡಬೇಕು, ಅಲ್ವಾ? ಲಿನಕ್ಸ್ ಟರ್ಮಿನಲ್ಲಿನ ‘ಪೇಸ್ಟ್’ (paste) ಕಮಾಂಡ್ ಸುಲಭ. ಸಾಲಿಗೆ ಸಾಲು ಸೇರಿಸಿ, ನಡುವೆ ಟ್ಯಾಬ್ ಹಾಕುತ್ತದೆ. ಆದರೆ ತಾರೀಖು ನೋಡುವುದಿಲ್ಲ. ಭಾಗಮಂಡಲದ ಫೈಲಿನಲ್ಲಿ ಜುಲೈ 12ರ ಸಾಲು ಬಿಟ್ಟುಹೋಗಿದ್ದರೆ, ಅಲ್ಲಿನ 13ರ ಮಳೆ ಮಡಿಕೇರಿಯ 12ರ ಎದುರು ಕೂರುತ್ತದೆ. ಆಮೇಲಿನದೆಲ್ಲ ತಪ್ಪು. ಎರರ್ ಕೂಡ ಬರುವುದಿಲ್ಲ!

ತಾರೀಖಿನ ಲೆಕ್ಕಕ್ಕೆ ನನ್ನ ಆಯ್ಕೆ ‘ಜಾಯಿನ್’ (join) ಕಮಾಂಡ್. ಮೊದಲ ಕಾಲಂ ಹೋಲಿಸಿ ಜೋಡಿಸುತ್ತದೆ. ಎರಡೂ ಫೈಲನ್ನು ಮೊದಲೇ ಆ ಕಾಲಂ ಪ್ರಕಾರ ‘ಸಾರ್ಟ್’ (sort) ಮಾಡಿ ಕ್ರಮವಾಗಿ ಜೋಡಿಸಿರಬೇಕು. ತಾರೀಖನ್ನು 2024-07-12 ಅಂತ ಬರೆದಿಟ್ಟರೆ ಸಲೀಸು, ಸಾರ್ಟ್ ಮಾಡಿದಾಗ ದಿನಗಳು ಕ್ರಮವಾಗಿಯೇ ಬರುತ್ತವೆ. ಜೋಡಿ ಸಿಗದ ದಿನವನ್ನು ಅದು ಸುಮ್ನೆ ಕೈಬಿಡುತ್ತದೆ. ಮಡಿಕೇರಿಯ ದಿನಗಳೆಲ್ಲ ಉಳಿಯಬೇಕಾದರೆ ಆ ಊರಿನ ಫೈಲನ್ನೇ ಮೊದಲು ಕೊಟ್ಟು ಕಮಾಂಡಿಗೆ ‘-ಎ 1’ (-a 1) ಸೇರಿಸಿ.

ಫೈಲುಗಳನ್ನು ಪಕ್ಕಪಕ್ಕದ ಕಾಲಂಗಳಾಗಿ ಇಡುವ ಇನ್ನೊಂದು ಕಮಾಂಡ್ ‘ಪಿಆರ್ -ಎಂ’ (pr -m) ಪ್ರಿಂಟಿಗೆ ಚೆನ್ನ. ಅಗಲ ಹೇಳದಿದ್ದರೆ 72 ಅಕ್ಷರದೊಳಗೆ ತುಂಬಿಸಲು ಉದ್ದದ ಸಾಲುಗಳನ್ನು ಕತ್ತರಿಸುತ್ತದೆ.