ರಾಯಚೂರು ಬಿಸಿಲಾಗ ಸಪ್ಪಳ ಇಲ್ಲದ ಗೇಮಿಂಗ್ ಪಿಸಿ: ಯಾವ ಪಾರ್ಟ್‌ಗೆ ರೊಕ್ಕ ಹಾಕಬೇಕು, ಯಾವುದು ಬ್ಯಾಡ

ಯೂಟ್ಯೂಬ್‌ನ್ಯಾಗ ಸೈಲೆಂಟ್ ಪಿಸಿ ಕಟ್ಟೋರೆಲ್ಲ ಏಸಿ ಹಾಕ್ಕೊಂಡು 21-22 ಡಿಗ್ರಿ ರೂಮಿನ್ಯಾಗ ಕುಂತು ಟೆಸ್ಟ್ ಮಾಡ್ತಾರ. ನಮ್ಮ ರಾಯಚೂರಾಗ ಏಪ್ರಿಲ್-ಮೇ ಬಂತಂದ್ರ ಹೊರಗ 42-43 ಮಾಮೂಲಿ, ಆರ್‌ಸಿಸಿ ಮನಿ ಇದ್ರಂತೂ ರಾತ್ರಿ ಹತ್ತಕ್ಕೂ ರೂಮು 36ರ ಕೆಳಗ ಇಳಿಯಂಗಿಲ್ಲ. ಹೀಟ್‌ಸಿಂಕ್‌ಗೆ (ಚಿಪ್ಪಿನ ಬಿಸಿ ಎಳ್ಕೊಂಡು ಗಾಳಿಗೆ ಬಿಡೋ ಲೋಹದ ರೆಕ್ಕಿ) ರೂಮಿಗಿಂತ ತಣ್ಣಗ ಮಾಡಕ್ಕ ಬರಂಗಿಲ್ಲ, ರೂಮಿನ ಬಿಸಿ ಮ್ಯಾಲ ಇಂತಿಷ್ಟು ಡಿಗ್ರಿ ಕೂಡ್ತದ ಅಷ್ಟ. ಅಂದ್ರ ಅವರ ವಿಡಿಯೋದಾಗ 65 ತೋರಿಸೋ ಗ್ರಾಫಿಕ್ಸ್ ಕಾರ್ಡು ನಮ್ಮಲ್ಲಿ ಏನೂ ತಪ್ಪಿಲ್ಲದನ 80 ಮುಟ್ತದ. ಈ ಲೆಕ್ಕ ತಲ್ಯಾಗ ಇಟ್ಕೊಂಡ ಪಾರ್ಟ್ಸ್ ಆರಿಸ್ರಿ, ಇಲ್ಲಾಂದ್ರ ಸೆಮಿ ಪ್ಯಾಸಿವ್ (ತಣ್ಣಗಿದ್ದಾಗ ಫ್ಯಾನ್ ತಿರುಗದ್ದು) ಅಂತ ಬಾಕ್ಸ್ ಮ್ಯಾಲ ಬರ್ದಿದ್ದಕ್ಕ ರೊಕ್ಕ ಕೊಟ್ಟು ಫ್ಯಾನ್ ಸಪ್ಪಳಾನೇ ಕೇಳ್ಬೇಕಾಗ್ತದ.

ನಾ ಜೋಡಿಸಿದ್ದು ರೈಜೆನ್ 5 7600 ಪ್ರೊಸೆಸರ್ (ಸಿಪಿಯು), ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡು ಮೂರು ಫ್ಯಾನಿಂದು, ಥರ್ಮಲ್‌ರೈಟ್ ಪಿಯರ್‌ಲೆಸ್ ಅಸಾಸಿನ್ 120 ಎಸ್‌ಇ ಕೂಲರ್, ಲಿಯಾನ್ ಲಿ ಲ್ಯಾನ್‌ಕೂಲ್ 216 ಕ್ಯಾಬಿನೆಟ್, ಸೀಸಾನಿಕ್ ಫೋಕಸ್ ಜಿಎಕ್ಸ್ 650 ವ್ಯಾಟ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಡಬ್ಬಿ). 1080ಪಿ ಆಡಕ್ಕ ಇದು ಬೇಕಾದಷ್ಟಾತು, 4ಕೆ ಆಡೋರು ಈ ರಿವ್ಯೂ ಬಿಟ್ಟು ಮುಂದ ಹೋಗ್ರಿ.

ಮೊದಲು ಕಾರ್ಡ್ ವಿಷಯ, ಸಪ್ಪಳದಾಗ ಮುಕ್ಕಾಲು ಪಾಲು ಅದರದ್ದ. 4060ದು 115 ವ್ಯಾಟ್, 4060 ಟಿಐ 160, ಹಳೇ 3080 ಅಂದ್ರ 320. ಆ ವ್ಯಾಟೆಲ್ಲ ಕಡೀಕ ನಿಮ್ಮ ರೂಮಿನ್ಯಾಗ ಬಿಸಿ ಆಗೇ ಬರ್ತದ, ಬ್ಯಾಸಿಗ್ಯಾಗ ಕಾಲ ಬುಡಕ 320 ವ್ಯಾಟ್ ಹೀಟರ್ ಯಾರಿಗೆ ಬೇಕ್ರಿ. ಈಗಿನ ಕಾರ್ಡುಗಳು ತಣ್ಣಗಿದ್ದಾಗ ಫ್ಯಾನ್ ಪೂರ್ತಿ ನಿಲ್ಲಿಸ್ತಾವ, ಸುಮಾರು 55-60 ಡಿಗ್ರಿ ಆದಮ್ಯಾಲ ಚಾಲೂ ಮಾಡ್ತಾವ. ಚಳಿಗಾಲದಾಗ ಭಾಳ ಚಂದ ನಡೀತದ ಇದು. ಬ್ಯಾಸಿಗ್ಯಾಗ ಮಾತ್ರ ಸುಮ್ನ ಬ್ರೌಸರ್ ತೆರೆದು ಕುಂತ್ರೂ ಕಾರ್ಡು ಅದೇ ಗಡಿಯಾಗ ಓಡಾಡ್ತದ, ಫ್ಯಾನ್ ಭರ್ರ್ ಅಂತ ಎದ್ದು ಅರ್ಧ ನಿಮಿಷ ತಿರುಗಿ ನಿಲ್ತದ, ಮತ್ತ ಏಳ್ತದ. ಒಂದೇ ಸಮ ಮೆಲ್ಲಗ ತಿರುಗೋ ಫ್ಯಾನು ಕಿವಿಗೆ ರೂಢಿ ಆಗ್ತದ, ಎದ್ದು ಬಿದ್ದು ಮಾಡೋದು ಆಗಂಗಿಲ್ಲ. ಅದಕ್ಕ ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್‌ನ್ಯಾಗ ಎರಡು ಪ್ರೊಫೈಲ್ ಇಟ್ಟೀನಿ, ಬ್ಯಾಸಿಗಿಗೆ ಫ್ಯಾನ್ ಕಾಯಂ ಕಡಿಮಿ ಸ್ಪೀಡಿನ್ಯಾಗ ಚಾಲೂ, ಉಳಿದ ಟೈಮಿಗೆ ಕಂಪನಿ ಕೊಟ್ಟಿದ್ದ ಇರ್ಲಿ. ಜೊತಿಗೆ ಅಂಡರ್‌ವೋಲ್ಟ್ ಮಾಡಿ (ಚಿಪ್ಪಿಗೆ ಹೋಗೋ ವೋಲ್ಟೇಜ್ ಇಳಿಸಿ) ಎಫ್‌ಪಿಎಸ್ (ಸೆಕೆಂಡಿಗೆ ತೋರಿಸೋ ಫ್ರೇಮು) 60ಕ್ಕ ಕಟ್ಟಿ ಹಾಕ್ರಿ, ಕಾರ್ಡಿನ ಕಾಯಿಲ್ ಕಿರ್ರ್ ಅನ್ನೋದಕ್ಕ ಕಾಯಿಲ್ ವೈನ್ ಅಂತಾರಲ್ಲ, ಅದಕ್ಕೂ ಇದ ಔಷಧ. ನನ್ನ ಕಾರ್ಡಿಂದು (ಬ್ರ್ಯಾಂಡ್ ಹೆಸರು ಬ್ಯಾಡ ಬಿಡ್ರಿ) ಗೇಮ್ ಮೆನುದಾಗ ಎಫ್‌ಪಿಎಸ್ ನಾನೂರು ದಾಟಿದಾಗ ಸಣ್ಣಗ ಕಿರ್ರ್ ಅಂತಿತ್ತು, ಲಿಮಿಟ್ ಹಾಕಿದಮ್ಯಾಲ ಕಿವಿ ಹಚ್ಚಿ ಕೇಳಿದ್ರೂ ಇಲ್ಲ.

ಸಿಪಿಯು ಕೂಲರ್‌ದಾಗ ನನಗ ಮೊದಲು ಆಸೆ ಇದ್ದಿದ್ದು ನಾಕ್ಟುವಾ ಎನ್‌ಎಚ್-ಪಿ1 ಮ್ಯಾಲ. 2021ರಾಗ ಬಂದ, ಫ್ಯಾನೇ ಇಲ್ಲದ, ಒಂದು ಕೆಜಿ ದಾಟೋ ಹೀಟ್‌ಸಿಂಕ್ ಅದು, ರೆಕ್ಕಿ ದಪ್ಪ, ನಡುವ ಅಗಲ ಸಂದಿ, ಬಿಸಿ ಗಾಳಿ ತಾನಾಗೇ ಮ್ಯಾಲ ಹೋಗ್ಲಿ ಅಂತ. ನೋಡಕ್ಕ ಭಾರೀ ಅದ. ಆದ್ರ 38 ಡಿಗ್ರಿ ರೂಮಿನ್ಯಾಗ ಗೇಮಿಂಗ್ ಕಾರ್ಡಿನ ಬಿಸಿ ಕೆಳಗಿಂದ ಬಡೀಬೇಕಾದ್ರ ಅದರ ಮ್ಯಾಲ ಅಷ್ಟು ರೊಕ್ಕ ಸುರಿಯೋದು ನನಗ ಸರಿ ಅನ್ನಿಸ್ಲಿಲ್ಲ. ಪಿಯರ್‌ಲೆಸ್ ಅಸಾಸಿನ್ ನಾ ತಗೊಂಡಾಗ ಮೂರೂವರಿ-ನಾಕು ಸಾವಿರದ ಆಜೂಬಾಜು ಇತ್ತು, ಆರು ಹೀಟ್‌ಪೈಪು (ಬಿಸಿ ಸಾಗಿಸೋ ಕೊಳವಿ), ರೆಕ್ಕಿಯ ಎರಡು ಗೋಪುರ, 7600ಗೆ ಬೇಕಾದ್ದಕ್ಕಿಂತ ದೊಡ್ಡದು. ದೊಡ್ಡದು ಅಂತಾನೇ ತಗೊಂಡಿದ್ದು. ಫ್ಯಾನ್ ಸ್ಪೀಡ್ ಅರ್ಧ ಮಾಡಿದ್ರ ಸಪ್ಪಳ ಹತ್ರಹತ್ರ 15 ಡೆಸಿಬೆಲ್ ಇಳೀತದ, ಎರಡು ಫ್ಯಾನ್‌ದಾಗ ಒಂದು ತೆಗೆದ್ರ ಇಳಿಯೋದು ಬರೇ 3. ಹಂಗಾಗಿ ಫ್ಯಾನ್ ಕಿತ್ತು ಹಾಕೋದ್ರಾಗ ಏನಿಲ್ಲ, ನಿಧಾನ ಮಾಡೋದ್ರಾಗ ಎಲ್ಲಾ ಅದ. 7600 ಹೆಸರಿಗೆ 65 ವ್ಯಾಟ್, ಲೋಡ್ ಬಿದ್ರ 88 ತನ ಎಳೀತದ. ಬಯೋಸ್‌ನ್ಯಾಗ (ಬೋರ್ಡಿನ ಸೆಟ್ಟಿಂಗ್ಸ್ ಮೆನು) 65ಕ್ಕ ಲಿಮಿಟ್ ಹಾಕ್ರಿ, ಗೇಮಿನ್ಯಾಗ ಫರಕ್ಕೇ ಗೊತ್ತಾಗಂಗಿಲ್ಲ.

ಇಲ್ಲಿ ಅಂಗಡ್ಯಾಗ ಕೇಳಿದಾಗ "ಅಣ್ಣಾ ಲಿಕ್ವಿಡ್ ಕೂಲರ್ ಹಾಕಸ್ರಿ, ಸಪ್ಪಳಾನೂ ಇಲ್ಲ, ಲೈಟೂ ಬರ್ತಾವ" ಅಂದ. ಲೈಟ್ ಬರ್ತಾವ, ಖರೆ. ಆದ್ರ ಅದ್ರಾಗ ಪಂಪ್ ಅಂತ ಒಂದು ಇರ್ತದ, ಪಿಸಿ ಚಾಲೂ ಇರೋತನ ಅದೂ ಗುಂಯ್ ಅಂತಾನೇ ಇರ್ತದ, ರೇಡಿಯೇಟರ್ ಫ್ಯಾನ್ ಬ್ಯಾರೆ.

ಕ್ಯಾಬಿನೆಟ್ ಸಿಕಂದರಾಬಾದ್‌ನ ಚೆನಾಯ್ ಟ್ರೇಡ್ ಸೆಂಟರ್ ಅನ್ನೋ ಕಂಪ್ಯೂಟರ್ ಮಾರ್ಕೆಟ್‌ದಾಗ ನೋಡಿ ತಗೊಂಡೆ, ಬೆಂಗಳೂರು ಎಸ್‌ಪಿ ರೋಡಿಗಿಂತ ನಮಗ ಅದ ಹತ್ರ. ಸೈಲೆಂಟ್ ಅಂತ ಮಾರೋ, ಒಳಗ ಫೋಮ್ ಹಚ್ಚಿ ಮುಂದ ಬಾಗಿಲು ಮುಚ್ಚಿರೋ ಕ್ಯಾಬಿನೆಟ್ ನಮ್ಮ ಹವಾಕ್ಕ ಬ್ಯಾಡ್ರಿ, ಗಾಳಿ ಸಾಲದ್ದಕ್ಕ ಫ್ಯಾನ್ ಜೋರಾಗಿ ತಿರುಗಿ ಫೋಮಿಂದ ಏನೂ ಉಪಯೋಗ ಇಲ್ಲದಂಗ ಆಗ್ತದ. ಲ್ಯಾನ್‌ಕೂಲ್ 216ದಾಗ ಮುಂದ ಎರಡು 160 ಎಂಎಂ ಫ್ಯಾನ್, ಹಿಂದ ಒಂದು 140, ಐನೂರು-ಆರುನೂರು ಆರ್‌ಪಿಎಂಗೆ ಇಟ್ರ ಗಾಳಿ ಬರೋದು ಕೈ ಹಿಡಿದ್ರ ಅಷ್ಟ ಗೊತ್ತಾಗ್ತದ. ಆದ್ರ ಧೂಳು! ನಮ್ಮ ಮನಿ ಆಚಿಗೆ ಹತ್ತಿ ಜಿನ್ನಿಂಗ್ ಮಿಲ್ ಅದ, ಸೀಜನ್‌ದಾಗ ಮುಂದಿನ ಜಾಳಿಗಿ ಪ್ಯಾನೆಲ್ ಕಿತ್ತು ನೋಡಿದ್ರ ಬಿಳೀ ಎಳಿ ಜಮಖಾನದ ಹಂಗ ಹಾಸಿರ್ತದ, ಬೆರಳಿನಿಂದ ಒಂದು ಮೂಲಿ ಎತ್ತಿದ್ರ ಪೂರಾ ಹಾಳಿನೇ ಸುತ್ಕೊಂಡು ಬರ್ತದ. ಅದು ಕಟ್ಟಿದ್ರ ಗಾಳಿ ಬಂದ್, ಸಪ್ಪಳ ಚಾಲೂ. ಹಿಂದಿನ ಫ್ಯಾನ್‌ಗಿಂತ ಮುಂದಿನವು ಸ್ವಲ್ಪ ಜಾಸ್ತಿ ತಿರುಗಂಗ ಇಡ್ರಿ, ಸಂದಿಗೊಂದಿಯಿಂದ ಧೂಳು ಎಳಿಯೋದು ಕಡಿಮಿ ಆಗ್ತದ. ಇನ್ನೊಂದು ಮಾತು, ನೀರಿನ ಏರ್‌ಕೂಲರ್ ಮುಂದ ಪಿಸಿ ಇಡಬ್ಯಾಡ್ರಿ, ಹಸಿ ಗಾಳಿ ಬೋರ್ಡಿಗೆ ಒಳ್ಳೇದಲ್ಲ.

ಎಸ್‌ಎಂಪಿಎಸ್ ಹಿಂದ ಹೈಬ್ರಿಡ್ ಅಂತ ಒಂದು ಬಟನ್ ಅದ, ಒತ್ತಿದ್ರ ಲೋಡ್ ಕಡಿಮಿ ಇರೋತನ ಫ್ಯಾನ್ ತಿರುಗಂಗಿಲ್ಲ. ಈ ಸೆಟ್ಟು ಗೇಮ್ ಆಡುವಾಗ ಸುಮಾರು 200 ವ್ಯಾಟ್ ಎಳೀತದ, 650ರಾಗ ಮೂರನೇ ಒಂದು ಪಾಲೂ ಆಗಂಗಿಲ್ಲ, ಹಂಗಾಗಿ ಚಳಿಗಾಲದಾಗ ಆ ಫ್ಯಾನ್ ತಿರುಗೋದ ಅಪರೂಪ. ಬ್ಯಾಸಿಗ್ಯಾಗ ನಾ ಹೈಬ್ರಿಡ್ ಬಂದ್ ಮಾಡ್ತೀನಿ. ಒಳಗಿನ ಕೆಪಾಸಿಟರ್ ಹತ್ತು ಡಿಗ್ರಿ ಜಾಸ್ತಿ ಕಾದ್ರ ಅದರ ಆಯುಷ್ಯ ಅರ್ಧ ಆಗ್ತದ ಅನ್ನೋದು ಎಲೆಕ್ಟ್ರಾನಿಕ್ಸ್‌ದಾಗ ಹಳೇ ಲೆಕ್ಕ, ಕೇಳಿಸದಂಥ ಫ್ಯಾನ್ ನಿಲ್ಲಿಸಿ ಅದನ್ಯಾಕ ಬೇಯಿಸ್ಬೇಕು.

ಹಾರ್ಡ್ ಡಿಸ್ಕ್ ಒಳಗ ಇಡಲೇಬ್ಯಾಡ್ರಿ, 7200 ಆರ್‌ಪಿಎಂದು ಅಂದ್ರ ಸೆಕೆಂಡಿಗೆ 120 ಸುತ್ತು, ಅದೇ ಗುಂಯ್‌ಗುಡೋದು ತಗಡಿಗೆ ಹತ್ತಿ ಟೇಬಲ್‌ಗೂ ಬರ್ತದ. ಎನ್‌ವಿಎಂಇ ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ಲದ ಡಿಸ್ಕ್) ಸಾಕು. ಮದರ್‌ಬೋರ್ಡಿಗೆ ಬಿ650 ಚಿಪ್‌ಸೆಟ್ ಸಾಕು, ಎಕ್ಸ್670 ತಗೊಂಡು ಮಾಡೋದೇನಿಲ್ಲ. ಬಜೆಟ್ ಕಡಿಮಿ ಬಿದ್ರ ರ‍್ಯಾಮ್ 32ರ ಬದ್ಲಿ 16 ಹಾಕ್ರಿ, ಮುಂದ ಕೂಡಿಸಕ್ಕ ಬರ್ತದ. ಕ್ಯಾಬಿನೆಟ್‌ದಾಗ ಮತ್ತ ಕಾರ್ಡಿನ ಹೀಟ್‌ಸಿಂಕ್‌ದಾಗ ಮಾತ್ರ ಕಂಜೂಸಿ ಮಾಡಬ್ಯಾಡ್ರಿ, ಎರಡು ಫ್ಯಾನಿನ ಗಿಡ್ಡ ಕಾರ್ಡು ಸ್ವಲ್ಪ ಕಮ್ಮಿಗೆ ಸಿಗ್ತದ, ಮೇ ತಿಂಗಳದಾಗ ಅದರ ಫ್ಯಾನ್ ಸಪ್ಪಳ ಪಕ್ಕದ ರೂಮಿಗೂ ಕೇಳ್ತದ.