ಎರಡು ಗಂಟೆ ಕರೆಂಟಿನಲ್ಲಿ ಎಷ್ಟು ತುಂಬುತ್ತದೆ? ಮಲೆನಾಡಿನ ಮಳೆಗಾಲಕ್ಕೆ ಪವರ್ ಬ್ಯಾಂಕ್‌ಗಳ ಹೋಲಿಕೆ

ಪವರ್ ಬ್ಯಾಂಕ್ ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳುವುದು ಅದು ಎಷ್ಟು ಸಾವಿರ ಎಂಎಎಚ್ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬ ಅಳತೆ) ಎಂದು. ಆದರೆ ಜೂನ್ ಕಳೆಯಿತೆಂದರೆ ಮರ ಬಿದ್ದು ತಂತಿ ಹರಿಯುವ ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯ ಮನೆಗಳಲ್ಲಿ ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆಯೊಂದಿದೆ. ಹಗಲೆಲ್ಲ ಇಲ್ಲದ ಕರೆಂಟು ಸಂಜೆ ಬಂದು ಎರಡು ಗಂಟೆ ಇದ್ದು ಮತ್ತೆ ಹೋದರೆ, ಆ ಎರಡು ಗಂಟೆಯಲ್ಲಿ ಈ ಪೆಟ್ಟಿಗೆ ಎಷ್ಟು ತುಂಬಿಕೊಳ್ಳುತ್ತದೆ? ಕಳೆದ ಕೆಲವು ಮಳೆಗಾಲಗಳಲ್ಲಿ ನಮ್ಮ ಮನೆಯಲ್ಲಿ ಹಳೆಯ ಮಾದರಿಯ 20,000 ಎಂಎಎಚ್ ಪ್ಯಾಕ್, ವೇಗವಾಗಿ ತುಂಬುವ ಹೊಸ 20,000ದ ಪ್ಯಾಕ್, ತೆಳುವಾದ 10,000ದ ಪ್ಯಾಕ್‌ಗಳು, ಸೌರಫಲಕ ಅಂಟಿಸಿದ ಪ್ಯಾಕ್ ಮತ್ತು ವೈಫೈ ರೂಟರಿಗೆಂದೇ ಸಿಗುವ ಮಿನಿ ಯುಪಿಎಸ್ ಇವಿಷ್ಟನ್ನೂ ಬಳಸಿ ನೋಡಿದ್ದೇನೆ. ಒಳಗೆ ಎಷ್ಟು ಹಿಡಿಯುತ್ತದೆ ಎಂಬುದಕ್ಕಿಂತ ಎಷ್ಟು ಬೇಗ ತುಂಬುತ್ತದೆ ಎಂಬುದೇ ನಮ್ಮಂಥ ಊರುಗಳಿಗೆ ಮುಖ್ಯವೆಂದು ನನಗೆ ಖಚಿತವಾಗಿರುವುದು ಈ ಬಳಕೆಯಿಂದಲೇ.

ಎಂಎಎಚ್ ಲೆಕ್ಕವನ್ನು ಮೊದಲು ಬಿಡಿಸಿಕೊಳ್ಳಬೇಕು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ 10,000 ಎಂಬುದು ಒಳಗಿನ ಲಿಥಿಯಂ ಸೆಲ್ಲಿನ 3.7 ವೋಲ್ಟಿಗೆ ಹೇಳಿದ ಮಾತು. ಗುಣಿಸಿ ಸಾವಿರದಿಂದ ಭಾಗಿಸಿದರೆ 37 ವ್ಯಾಟ್ ಅವರ್, ಅಂದರೆ 37 ವ್ಯಾಟನ್ನು ಒಂದು ಗಂಟೆ ಕೊಡುವಷ್ಟು ಶಕ್ತಿ. ಫೋನಿಗೆ ಹೋಗುವಾಗ ಅದು 5 ವೋಲ್ಟಿಗೋ 9 ವೋಲ್ಟಿಗೋ ಏರಬೇಕು, ಏರುವಾಗ ಒಂದಿಷ್ಟು ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ಆದ್ದರಿಂದಲೇ ಅದೇ ಪೆಟ್ಟಿಗೆಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ 'ರೇಟೆಡ್ ಕೆಪಾಸಿಟಿ' ಎಂದು, 5 ವೋಲ್ಟಿನ ಲೆಕ್ಕದಲ್ಲಿ, 6,000 ಎಂಎಎಚ್ ಆಸುಪಾಸಿನ ಇನ್ನೊಂದು ಸಂಖ್ಯೆ ಇರುತ್ತದೆ. ನಂಬಬೇಕಾದದ್ದು ಅದನ್ನು. 5,000 ಎಂಎಎಚ್ ಬ್ಯಾಟರಿಯ ಫೋನನ್ನು 10,000ದ ಪ್ಯಾಕ್ ಎರಡು ಸಲ ತುಂಬುವುದಿಲ್ಲ. ಫೋನಿನ 5,000 ಕೂಡ ಸೆಲ್ಲಿನ ವೋಲ್ಟಿನ ಲೆಕ್ಕವಾದ್ದರಿಂದ ಸುಮಾರು ಒಂದೂವರೆ ಸಲ ತುಂಬುತ್ತದೆ, ಅದರಲ್ಲಿ ಮೋಸವೂ ಇಲ್ಲ. ಮೋಸ ಇರುವುದು ಜಾತ್ರೆಯಲ್ಲೂ ರಸ್ತೆಬದಿಯಲ್ಲೂ ಮಾರುವ 50,000 ಎಂಎಎಚ್ ಪೆಟ್ಟಿಗೆಗಳಲ್ಲಿ. ಅಷ್ಟು ಶಕ್ತಿಯನ್ನು, ಎಂದರೆ 185 ವ್ಯಾಟ್ ಅವರ್ ಅನ್ನು ಹಿಡಿಯುವ ಸೆಲ್ಲುಗಳೇ ಮುಕ್ಕಾಲು ಕಿಲೋ ಹತ್ತಿರ ತೂಗುತ್ತವೆ; ಕೈಯಲ್ಲಿರುವುದು ಕಾಲು ಕಿಲೋ ಮಾತ್ರ ತೂಗಿದರೆ ಅಂಗಡಿಯವರ ಜೊತೆ ವಾದ ಮಾಡಬೇಕಾದದ್ದೇ ಇಲ್ಲ, ಹಿಂದಿರುಗಿಸಿದರಾಯಿತು. ಸರಿಯಾದ 10,000ದ ಪ್ಯಾಕ್ ಸುಮಾರು 200 ಗ್ರಾಂ, 20,000ದ್ದು 350ರಿಂದ 450 ಗ್ರಾಂ ತೂಗುತ್ತದೆ.

ಈಗ ತುಂಬುವ ವೇಗಕ್ಕೆ ಬರೋಣ. ಹಳೆಯ 20,000ದ ಪ್ಯಾಕಿಗೆ ಮೈಕ್ರೋ ಯುಎಸ್‌ಬಿ ಕಿಂಡಿಯಲ್ಲಿ 5 ವೋಲ್ಟ್, 2 ಆಂಪಿಯರ್, ಅಂದರೆ 10 ವ್ಯಾಟ್ ಮಾತ್ರ ಒಳಹೋಗುತ್ತಿತ್ತು. ಖಾಲಿಯಾದದ್ದು ಪೂರ್ತಿ ತುಂಬಲು ಒಂಬತ್ತು ಹತ್ತು ಗಂಟೆ ಬೇಕು. ಬೆಂಗಳೂರಿನಲ್ಲಿ ರಾತ್ರಿ ಹಚ್ಚಿಟ್ಟು ಮಲಗುವವರಿಗೆ ಇದು ತೊಂದರೆಯಲ್ಲ. ನಮ್ಮಲ್ಲಿ ಸಿಗುವ ಎರಡು ಗಂಟೆಯಲ್ಲಿ ಕಾಲು ಭಾಗವೂ ತುಂಬುತ್ತಿರಲಿಲ್ಲ. ಹೆಸರಿಗೆ ಇಪ್ಪತ್ತು ಸಾವಿರವಾದರೂ ಜುಲೈ ತಿಂಗಳಿಡೀ ಅದು ಐದು ಸಾವಿರದ ಕೆಲಸ ಮಾಡಿತು. ಯುಎಸ್‌ಬಿ ಪವರ್ ಡೆಲಿವರಿ, ಅಂದರೆ ಪಿಡಿ (ಎಷ್ಟು ವೋಲ್ಟ್ ಬೇಕೆಂದು ಚಾರ್ಜರೂ ಪ್ಯಾಕೂ ತಮ್ಮೊಳಗೆ ಒಪ್ಪಿಕೊಂಡು ಬೇಗ ತುಂಬಿಸುವ ಪದ್ಧತಿ) ಇರುವ, 45 ವ್ಯಾಟ್ ಒಳತೆಗೆದುಕೊಳ್ಳುವ ಹೊಸ 20,000ದ ಪ್ಯಾಕ್ ಅದೇ ಎರಡು ಗಂಟೆಯಲ್ಲಿ ಬಹುಪಾಲು ತುಂಬಿಬಿಡುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು: ಪೆಟ್ಟಿಗೆಯ ಮುಂಭಾಗದಲ್ಲಿ ಹೊಗಳಿಕೊಳ್ಳುವ ವ್ಯಾಟು ಸಾಮಾನ್ಯವಾಗಿ ಹೊರಕೊಡುವ ವ್ಯಾಟು. ಒಳತೆಗೆದುಕೊಳ್ಳುವುದು ಎಷ್ಟೆಂದು 'ಇನ್‌ಪುಟ್' ಎಂಬ ಸಾಲಿನಲ್ಲಿ ಹುಡುಕಿ ಓದಬೇಕು. 65 ವ್ಯಾಟ್ ಕೊಡುವ ಪ್ಯಾಕುಗಳಲ್ಲಿ 18 ವ್ಯಾಟ್ ಮಾತ್ರ ತೆಗೆದುಕೊಳ್ಳುವವೂ ಇವೆ.

ಆದರೂ ಮನೆಯಲ್ಲಿ ಕೊನೆಗೆ ಉಳಿದುಕೊಂಡದ್ದು ದುಬಾರಿಯಾದ ಆ ದೊಡ್ಡ ಪ್ಯಾಕ್ ಒಂದೇ ಅಲ್ಲ. 20 ವ್ಯಾಟ್ ಇನ್‌ಪುಟ್ ಇರುವ ಎರಡು 10,000ದ ಪ್ಯಾಕ್‌ಗಳನ್ನು ಎರಡು ಕಿಂಡಿಯ ಚಾರ್ಜರಿಗೆ ಒಟ್ಟಿಗೆ ಸಿಕ್ಕಿಸಿದರೆ ಎರಡೂವರೆ ಗಂಟೆಯ ಸುಮಾರಿಗೆ ಎರಡೂ ತುಂಬುತ್ತವೆ, ಬೆಲೆಯೂ ಕಡಿಮೆ. ಒಬ್ಬರು ರಾತ್ರಿ ಬಸ್ಸಿಗೆ ಹೊರಟರೆ ಒಂದನ್ನು ಒಯ್ಯಬಹುದು, ಇನ್ನೊಂದು ಮನೆಯಲ್ಲಿರುತ್ತದೆ. ಒಂದು ಕೆಟ್ಟರೆ ಮನೆ ಕತ್ತಲಾಗುವುದಿಲ್ಲ. ಫೋನುಗಳಿಗೆ ಮಾತ್ರವಾದರೆ ನನ್ನ ಮತ ಈ ಜೋಡಿಗೇ. ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವ ಮಕ್ಕಳು ಊರಿಗೆ ಬಂದು ಕೂರುವ ಮನೆಗೆ ಮಾತ್ರ 20 ವೋಲ್ಟ್ ಕೊಡಬಲ್ಲ ದೊಡ್ಡ ಪ್ಯಾಕ್ ಬೇಕೇ ಬೇಕು, ಚಿಕ್ಕವು ಅಲ್ಲಿ ಸಾಲುವುದಿಲ್ಲ.

ಚಾರ್ಜರಿನ ಆಯ್ಕೆ ಪ್ಯಾಕಿನ ಆಯ್ಕೆಯಷ್ಟೇ ಮಹತ್ವದ್ದು. ಹಳೆಯ ಫೋನಿನ 10 ವ್ಯಾಟ್ ಚಾರ್ಜರಿಗೆ ಹೊಸ ಪ್ಯಾಕ್ ಸಿಕ್ಕಿಸಿದರೆ ಹೊಸದೂ ಹಳೆಯದರಂತೆಯೇ ನಿಧಾನ. ಫೋನ್ ಕಂಪನಿಗಳ 67 ವ್ಯಾಟ್, 80 ವ್ಯಾಟ್ ಚಾರ್ಜರುಗಳಲ್ಲಿ ಹಲವು ತಮ್ಮದೇ ಫೋನಿನೊಂದಿಗೆ ಮಾತ್ರ ಆ ವೇಗ ತೋರಿಸುತ್ತವೆ. ಪಿಡಿ ಬೇಡುವ ಪ್ಯಾಕಿಗೆ ಅವು ಕೊಡುವುದು ಬಹಳ ಕಡಿಮೆ. ಹೋಲಿಸಿ ನೋಡಿದಾಗ 65 ವ್ಯಾಟಿನ, ಎರಡು ಯುಎಸ್‌ಬಿ-ಸಿ ಕಿಂಡಿಗಳ ಗ್ಯಾನ್ (ಗ್ಯಾಲಿಯಂ ನೈಟ್ರೈಡ್ ಬಳಸಿದ) ಚಾರ್ಜರ್ ಒಂದೇ ಎಲ್ಲದಕ್ಕೂ ಹೊಂದಿತು. ಎರಡೂ ಕಿಂಡಿ ಬಳಸುವಾಗ ಅದು ಶಕ್ತಿಯನ್ನು 45 ಮತ್ತು 20 ಎಂದು ಹಂಚುತ್ತದೆ, ಆದ್ದರಿಂದ ದೊಡ್ಡ ಪ್ಯಾಕನ್ನು ಯಾವ ಕಿಂಡಿಗೆ ಹಾಕಬೇಕೆಂದು ನೋಡಿ ಹಾಕಬೇಕು. ಗುಡುಗು ಕೇಳಿದ ಕೂಡಲೇ ಚಾರ್ಜರನ್ನು ಸಾಕೆಟಿನಿಂದ ಕಿತ್ತಿಡುವುದು ನಮ್ಮ ಮನೆಯ ನಿಯಮ. ಒಳ್ಳೆಯ ಚಾರ್ಜರುಗಳು 100ರಿಂದ 240 ವೋಲ್ಟಿನವರೆಗೆ ತಾಳುತ್ತವೆ, ಹಾಗಾಗಿ ವೋಲ್ಟೇಜ್ ಇಳಿದರೆ ಭಯವಿಲ್ಲ. ಕಂಬದಲ್ಲಿ ನ್ಯೂಟ್ರಲ್ ತಂತಿ ಹರಿದು 400 ವೋಲ್ಟಿನ ಹತ್ತಿರ ನುಗ್ಗಿದರೆ ಯಾವುದೂ ಉಳಿಯುವುದಿಲ್ಲ.

ರೂಟರಿನ ವಿಷಯದಲ್ಲಿ ಹೋಲಿಕೆ ಹೆಚ್ಚು ಕಷ್ಟದ್ದು. ಮಿನಿ ಯುಪಿಎಸ್‌ನೊಳಗೆ ಮೂರು ದುಂಡು ಸೆಲ್ಲುಗಳು, ಒಟ್ಟು 22 ವ್ಯಾಟ್ ಅವರ್ ಅಷ್ಟೇ. ಆರೇಳು ವ್ಯಾಟ್ ತಿನ್ನುವ ರೂಟರನ್ನು ಅದು ಮೂರು ಗಂಟೆ ನಡೆಸುತ್ತದೆ. ಆದರೆ ಕರೆಂಟು ಹೋದದ್ದು ರೂಟರಿಗೆ ಗೊತ್ತೇ ಆಗುವುದಿಲ್ಲ. 20,000ದ ಪ್ಯಾಕಿಗೆ 5 ವೋಲ್ಟನ್ನು ರೂಟರಿಗೆ ಬೇಕಾದ 12ಕ್ಕೆ ಏರಿಸುವ ಕೇಬಲ್ ಜೋಡಿಸಿದರೆ ಅದೇ ರೂಟರ್ ಎಂಟು ಗಂಟೆ ನಡೆಯುತ್ತದೆ. ಆದರೆ ಪ್ಯಾಕನ್ನು ಚಾರ್ಜಿಗೂ ಹಾಕಿ ರೂಟರನ್ನೂ ಅದರಿಂದಲೇ ನಡೆಸುವಾಗ, ಕರೆಂಟು ಬಂದುಹೋಗುವ ಆ ಕ್ಷಣದಲ್ಲಿ ಅನೇಕ ಪ್ಯಾಕುಗಳು ಒಮ್ಮೆ ಕೈಬಿಟ್ಟು ಹಿಡಿಯುತ್ತವೆ, ರೂಟರ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹಾಗೆ ಒಟ್ಟಿಗೆ ತುಂಬುತ್ತ ಖಾಲಿ ಮಾಡುವುದು ಬಿಸಿಯನ್ನೂ ಹೆಚ್ಚಿಸುತ್ತದೆ. ಅದಕ್ಕೆಂದೇ ಮಾಡಿರದ ಪ್ಯಾಕನ್ನು ದಿನವಿಡೀ ಹಾಗೆ ಬಿಡುವುದು ಒಳ್ಳೆಯದಲ್ಲ. ನಾನು ಕೆಲಸ ಹಂಚಿಬಿಟ್ಟಿದ್ದೇನೆ: ಚಿಕ್ಕ ಕಡಿತಗಳಿಗೆ ಯುಪಿಎಸ್, ಅದು ಮುಗಿದ ಮೇಲೆ ಪ್ಯಾಕ್. ಪಿಡಿಯಿಂದ ನೇರವಾಗಿ 12 ವೋಲ್ಟ್ ಕೇಳುವ ಕೇಬಲ್ಲುಗಳೂ ಸಿಗುತ್ತವೆ. ಪಿಡಿಯ ನಿಗದಿತ ಮೆಟ್ಟಿಲುಗಳು 5, 9, 15, 20 ಆಗಿರುವುದರಿಂದ ಎಲ್ಲ ಪ್ಯಾಕೂ 12 ಕೊಡುವುದಿಲ್ಲ. ತಪ್ಪು ಕೇಬಲ್ 20 ವೋಲ್ಟ್ ಕೇಳಿದರೆ ರೂಟರ್ ಸುಟ್ಟುಹೋಗುತ್ತದೆ, ಆದ್ದರಿಂದ ಮೀಟರ್ ಹಿಡಿದು ನೋಡದೆ ಸಿಕ್ಕಿಸಬಾರದು.

ಚಿಕ್ಕ ಎಲ್‌ಇಡಿ ದೀಪಗಳಿಂದ ಬೇರೆಯೇ ಬಗೆಯ ಕಿರಿಕಿರಿ ಉಂಟು. ಅವು ಎಳೆಯುವ ವಿದ್ಯುತ್ತು ತೀರ ಕಡಿಮೆಯಾದರೆ ಕೆಲವು ಪ್ಯಾಕುಗಳು ಏನೂ ಸಿಕ್ಕಿಸಿಲ್ಲವೆಂದು ಭಾವಿಸಿ ತಾವೇ ಆಫ್ ಆಗುತ್ತವೆ. ಗುಂಡಿಯನ್ನು ಎರಡು ಸಲ ಒತ್ತಿದರೆ ಸಣ್ಣ ಹೊರೆಗೆಂದೇ ಇರುವ ಸ್ಥಿತಿಗೆ ಬರುವ ಪ್ಯಾಕ್ ಇದ್ದರೆ ರಾತ್ರಿಯಿಡೀ ದೀಪ ಉರಿಯುತ್ತದೆ. ಅಗ್ಗದ ದೀಪಗಳು ಎರಡೂ ತುದಿ ಸಿ ಇರುವ ಕೇಬಲಿನಲ್ಲಿ ಚಾರ್ಜ್ ಆಗದಿದ್ದರೆ ದೀಪ ಕೆಟ್ಟಿದೆ ಎಂದುಕೊಳ್ಳಬೇಡಿ. ಕಿಂಡಿಯಲ್ಲಿ ಇರಬೇಕಾದ ರೆಸಿಸ್ಟರ್ ಇಲ್ಲದ್ದರಿಂದ ಹಾಗಾಗುತ್ತದೆ; ಒಂದು ತುದಿಗೆ ಅಗಲದ ಹಳೆಯ ಎ ಪಿನ್ನು ಇರುವ ಕೇಬಲ್ ಹಾಕಿದರೆ ಸಾಕು.

ಸೌರಫಲಕದ ಪ್ಯಾಕನ್ನು ಯಾರಿಗೂ ಶಿಫಾರಸು ಮಾಡಲಾರೆ. ಅಂಗೈಯಗಲದ ಫಲಕ ಕಡುಬಿಸಿಲಿನಲ್ಲೂ ಒಂದು, ಒಂದೂವರೆ ವ್ಯಾಟ್ ಕೊಡುತ್ತದೆ. 37 ವ್ಯಾಟ್ ಅವರ್ ತುಂಬಲು ಎಷ್ಟು ದಿನದ ಬಿಸಿಲು ಬೇಕೆಂದು ಲೆಕ್ಕ ಹಾಕಿ ನೋಡಿ. ಆಷಾಢದಲ್ಲಿ ಬಿಸಿಲಿಲ್ಲ, ಏಪ್ರಿಲಿನ ಬಿಸಿಲಿನಲ್ಲಿ ಕಾಯಲಿಟ್ಟರೆ ಲಿಥಿಯಂ ಸೆಲ್ಲಿಗೆ ಬಿಸಿಯೇ ಶತ್ರು.

ಸುರಕ್ಷತೆಯಲ್ಲಿ ನಾನು ಅಗ್ಗಕ್ಕೆ ಮಣಿಯುವುದಿಲ್ಲ. ಭಾರತದಲ್ಲಿ ಮಾರುವ ಪವರ್ ಬ್ಯಾಂಕಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಐಎಸ್ 13252 ಎಂಬಂಥ ಮಾನಕದ ಸಂಖ್ಯೆ ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅದು ನಿಜವಾದದ್ದೇ, ಯಾರ ಹೆಸರಿನಲ್ಲಿದೆ ಎಂಬುದು ತಿಳಿಯುತ್ತದೆ. ಹೆಸರಾಂತ ಬ್ರ್ಯಾಂಡ್ ಎಂಬ ಒಂದೇ ಕಾರಣಕ್ಕೂ ನಿಶ್ಚಿಂತರಾಗುವಂತಿಲ್ಲ: 2025ರ ಜೂನ್‌ನಲ್ಲಿ ಆ್ಯಂಕರ್ ಕಂಪನಿಯೇ ಬೆಂಕಿಯ ಅಪಾಯದಿಂದ ತನ್ನ ಒಂದು 10,000ದ ಮಾದರಿಯನ್ನು ಅಮೆರಿಕದಲ್ಲಿ ಹನ್ನೊಂದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹಿಂದಕ್ಕೆ ಕರೆಸಿಕೊಂಡಿತು. ಪ್ಯಾಕಿನ ಮೇಲಿನ ಮಾದರಿ ಸಂಖ್ಯೆಯನ್ನು ಅಳಿಸಿಹೋಗುವ ಮುಂಚೆ ಬರೆದಿಟ್ಟುಕೊಳ್ಳುವುದು ಇದಕ್ಕಾಗಿಯೇ. ಅದೇ ವರ್ಷ ಜನವರಿ 28ರಂದು ಬುಸಾನಿನ ಗಿಮ್ಹೇ ನಿಲ್ದಾಣದಲ್ಲಿ ಹೊರಡಲಿದ್ದ ಏರ್ ಬುಸಾನ್ ವಿಮಾನ ಹೊತ್ತಿ ಉರಿದಾಗ, ಒಳಗಿನ ವಿದ್ಯುತ್ ನಿರೋಧಕ ಪದರ (ಇನ್ಸುಲೇಶನ್) ಕೆಟ್ಟ ಪವರ್ ಬ್ಯಾಂಕ್ ಕಾರಣವಾಗಿರಬಹುದೆಂದು ಕೊರಿಯದ ತನಿಖೆ ಹೇಳಿತು. ವಿಮಾನದಲ್ಲಿ ಇವನ್ನು ಕೈಚೀಲದಲ್ಲೇ ಒಯ್ಯಬೇಕು, ಚೆಕ್-ಇನ್ ಪೆಟ್ಟಿಗೆಯಲ್ಲಿ ಇಡಬಾರದು; ಅನುಮತಿ ಕೇಳದೆ ಒಯ್ಯಬಹುದಾದದ್ದು 100 ವ್ಯಾಟ್ ಅವರ್‌ವರೆಗೆ, ಅಂದರೆ ಸುಮಾರು 27,000 ಎಂಎಎಚ್. ದುಬೈ ದಾರಿಯಲ್ಲಿ ಹೋಗುವವರು ಗಮನಿಸಬೇಕಾದದ್ದು, ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ವಿಮಾನದೊಳಗೆ ಪವರ್ ಬ್ಯಾಂಕ್ ಬಳಕೆಯನ್ನೇ ನಿಲ್ಲಿಸಿದೆ.

ಮನೆಯಲ್ಲಿ ಚಾರ್ಜಿಗೆ ಇಡುವ ಜಾಗ ಬರಿಯ ಸಿಮೆಂಟು ನೆಲ ಅಥವಾ ಕಲ್ಲಿನ ಕಟ್ಟೆಯಾಗಿರಬೇಕು. ಹಾಸಿಗೆ, ಕಂಬಳಿ, ಮರದ ಅಟ್ಟ, ಒಣಗಿದ ಅಡಿಕೆ ಸಿಪ್ಪೆಯ ರಾಶಿ ಇವುಗಳ ಹತ್ತಿರ ಸಲ್ಲದು. ಮಳೆ ಮುಗಿದು ಪ್ಯಾಕನ್ನು ಎತ್ತಿಡುವಾಗ ಅರ್ಧ ತುಂಬಿಸಿ ತಂಪು ಜಾಗದಲ್ಲಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ನೋಡಿಕೊಂಡರೆ ಹೆಚ್ಚು ವರ್ಷ ಬಾಳುತ್ತದೆ. ನಮ್ಮ ಹಳೆಯ ಪ್ಯಾಕ್ ಕೊನೆಗೆ ಹೊಟ್ಟೆ ಉಬ್ಬಿಸಿಕೊಂಡಿತು. ಉಬ್ಬಿದ್ದನ್ನು ಒತ್ತಬಾರದು, ಚುಚ್ಚಬಾರದು, ಇನ್ನೊಮ್ಮೆ ಚಾರ್ಜ್ ಮಾಡಿ ನೋಡಲೂಬಾರದು. ಅದನ್ನು ಮನೆಯಿಂದ ದೂರ, ಮಳೆ ತಾಗದ ಕಡೆ ಒಣ ಮರಳು ತುಂಬಿದ ಮಣ್ಣಿನ ಮಡಕೆಯಲ್ಲಿಟ್ಟು, ಶಿವಮೊಗ್ಗಕ್ಕೆ ಹೋದಾಗ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟೆವು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಸಂಗ್ರಹಿಸುವ ಹೊಣೆ ಅವನ್ನು ಮಾರುಕಟ್ಟೆಗೆ ತಂದ ಕಂಪನಿಯದ್ದು, ಆದ್ದರಿಂದ ಕೊಂಡ ಅಂಗಡಿಯಲ್ಲೂ ವಿಚಾರಿಸಬಹುದು. ತೋಟದ ಗುಂಡಿಗೆ ಎಸೆಯುವುದಾಗಲಿ, ತರಗೆಲೆಯ ಜೊತೆ ಸುಡುವುದಾಗಲಿ ಕೂಡದು.